ಎಂ416 ಸಾಕಾ, ಬೆರಿಲ್ ಹಿಡೀಬೇಕಾ? ಎರಾಂಗೆಲ್‌ನಲ್ಲಿ ನಾಲ್ಕು ಜನರ ಸ್ಕ್ವಾಡ್‌ಗೆ ಗನ್ ಹಂಚೋದು ಹೇಗೆ

ತೀರ್ಥಳ್ಳಿ_ತುಂಗೆ

ಎಲ್ರಿಗೂ ನಮಸ್ಕಾರ. ಬಿಜಿಎಂಐ (ಫೋನ್‌ನಲ್ಲಿ ಆಡೋ ಗನ್ ಹೊಡೆದಾಟದ ಆಟ) ಬಗ್ಗೆ ಪ್ರಶ್ನೆ, ಸ್ವಲ್ಪ ಉದ್ದ ಇದೆ.

ಆಡೋದು ನಾಲ್ಕು ಜನ. ಇಬ್ಬರು ತೀರ್ಥಹಳ್ಳಿ, ಒಬ್ಬ ಶಿವಮೊಗ್ಗ, ಇನ್ನೊಬ್ಬ ಆಗುಂಬೆ ಕಡೆ. ಕ್ಲಾಸಿಕ್ ಮೋಡ್, ಎರಾಂಗೆಲ್ ಮ್ಯಾಪ್, ಟಿಪಿಪಿ (ಪಾತ್ರದ ಹಿಂದಿನಿಂದ ನೋಡ್ತಾ ಆಡೋದು). ಇಳಿಯೋದು ಆ ಮ್ಯಾಪ್‌ನ ರೊಝೋಕ್ ಇಲ್ಲಾ ಯಾಸ್ನಾಯಾ ಊರಲ್ಲಿ. ಲೂಟ್‌ಗೆ ಕೊರತೆ ಇಲ್ಲ. ಆದ್ರೆ ಮೂರನೇ, ನಾಲ್ಕನೇ ಸರ್ಕಲ್‌ನಲ್ಲಿ (ಹಂತ ಹಂತವಾಗಿ ಕುಗ್ಗೋ ಆಟದ ವಲಯ) ಒಂದೇ ಒಂದು ಸ್ಕ್ವಾಡ್ ಎದುರಾದ್ರೂ ನಾಲ್ಕೂ ಜನ ಒಟ್ಟಿಗೇ ಹೋಗ್ತೀವಿ.

ಈಗ ತಂಡದಲ್ಲಿ ಗನ್ ವಿಷ್ಯಕ್ಕೇ ಚರ್ಚೆ. ಒಬ್ಬ ಹೇಳೋದು ನಾಲ್ಕೂ ಜನ ಎಂ416 ಹಿಡಿದ್ರೆ ಗುಂಡು ಹಂಚ್ಕೊಳ್ಳಬಹುದು ಅಂತ. ಇನ್ನೊಬ್ಬ 7.62 ಗುಂಡಿನ ಗನ್ ಇಲ್ದೆ ಆಗಲ್ಲ, ಬೆರಿಲ್ ಅಥವಾ ಎಕೆಎಂ ಬೇಕೇ ಬೇಕು ಅಂತಾನೆ. ಮೂರನೆಯವ ಕಾರ್98 ಸ್ನೈಪರ್ ಬಿಡೋದೇ ಇಲ್ಲ. ಎಲ್ಲರದ್ದೂ ಸೆಕೆಂಡಿಗೆ 60 ಫ್ರೇಮ್ ಬರೋ ಫೋನ್. ಇಬ್ಬರು ಗೈರೋ (ಫೋನ್ ವಾಲಿಸಿ ಗುರಿ ಇಡೋದು) ಆನ್ ಮಾಡಿದ್ದಾರೆ, ಇಬ್ಬರದ್ದು ಬರೀ ಹೆಬ್ಬೆರಳು.

ಯಾರ ಕೈಗೆ ಯಾವ ಗನ್ ಕೊಡ್ಬೇಕು, ಗುಂಡು, ಗ್ರೆನೇಡ್, ಮದ್ದು ಎಷ್ಟೆಷ್ಟು, ಮಧ್ಯದ ಸರ್ಕಲ್‌ಗಳಲ್ಲಿ ಎಲ್ಲಿ ತಪ್ತಾ ಇದೆ, ಇಷ್ಟು ಹೇಳಿ. ಮಳೆಗಾಲದಲ್ಲಿ ಪಿಂಗ್ (ಸರ್ವರ್‌ಗೆ ಹೋಗಿ ಬರೋ ಸಮಯ, ಮಿಲಿಸೆಕೆಂಡ್‌ನಲ್ಲಿ) 60 ಇದ್ದದ್ದು ಇದ್ದಕ್ಕಿದ್ದ ಹಾಗೆ 300 ಆಗುತ್ತೆ, ಅದಕ್ಕೂ ಪರಿಹಾರ ಗೊತ್ತಿದ್ರೆ ತಿಳಿಸಿ.

ದರೆಪಕ್ಕದವ

ಮೊದಲು ಒಂದು ಲೆಕ್ಕ ಹಾಕಿ ನೋಡಿ ಮಾರಾಯ್ರೆ, ಅರ್ಧ ಚರ್ಚೆ ಅಲ್ಲೇ ಮುಗಿಯುತ್ತೆ.

ಹೆಲ್ತ್ 100. ಎದೆಗೆ ಬೀಳೋ ಏಟನ್ನ ಲೆವೆಲ್ 1 ವೆಸ್ಟ್ 30%, ಲೆವೆಲ್ 2 40%, ಲೆವೆಲ್ 3 55% ಕಡಿಮೆ ಮಾಡುತ್ತೆ. ಎಂ416ರ ಡ್ಯಾಮೇಜ್ 41 ಅಂತ ಇಟ್ಕೊಳ್ಳಿ. ಲೆವೆಲ್ 2 ವೆಸ್ಟ್ ಮೇಲೆ ಒಂದು ಗುಂಡಿಗೆ 24.6. ನಾಲ್ಕು ಬಿದ್ರೆ 98.4. ಅಂದ್ರೆ ಎದುರಿನವ ಚೂರು ಹೆಲ್ತ್ ಇಟ್ಕೊಂಡು ಇನ್ನೂ ನಿಂತೇ ಇರ್ತಾನೆ, ಐದನೇ ಗುಂಡು ಬೇಕೇ ಬೇಕು. ಎಕೆಎಂಗೆ ಅದೇ ವೆಸ್ಟ್ ಮೇಲೆ ನಾಲ್ಕು ಸಾಕು. ಬೆರಿಲ್‌ಗೂ ನಾಲ್ಕೇ.

ಈಗ ಸಮಯ ನೋಡಿ. ಎಂ416 ಮತ್ತು ಬೆರಿಲ್ ಎರಡರಲ್ಲೂ ಗುಂಡಿನಿಂದ ಗುಂಡಿಗೆ 0.086 ಸೆಕೆಂಡ್ ಅಂತರ, ಎಕೆಎಂನಲ್ಲಿ 0.1. ಮೊದಲ ಗುಂಡು ತಗುಲಿದ ಕ್ಷಣದಿಂದ ಲೆಕ್ಕ ಹಿಡಿದ್ರೆ ಎಂ416ಗೆ 0.34 ಸೆಕೆಂಡ್, ಎಕೆಎಂಗೆ 0.30, ಬೆರಿಲ್‌ಗೆ 0.26. ಎಲ್ಲ ಗುಂಡೂ ಎದೆಗೇ ಬಿದ್ರೆ ಮಾತ್ರ ಈ ಲೆಕ್ಕ. ಬೆರಿಲ್ ಹಿಡಿದವನ ಒಂದು ಗುಂಡು ಪಕ್ಕಕ್ಕೆ ಹೋದ್ರೆ ಅವನ ಲಾಭ ಸಮ ಆಯ್ತು, ಎರಡು ಹೋದ್ರೆ ಎಂ416 ಮುಂದೆ. ಅಪ್‌ಡೇಟ್ ಬಂದ ಹಾಗೆ ಡ್ಯಾಮೇಜ್ ಅಂಕಿ ಒಂದೆರಡು ಆಚೀಚೆ ಆಗ್ತಾ ಇರುತ್ತೆ, ಆದ್ರೂ ಲೆಕ್ಕದ ದಾರಿ ಇದೇ.

ಹಾಗಾಗಿ ಯಾವ ಗನ್ ಬಲ ಅಂತ ಕೇಳೋ ಬದಲು, ನಿಮ್ಮಲ್ಲಿ ಯಾರು ಎಷ್ಟು ದೂರದಲ್ಲಿ ಹೊಡೆದಾಡ್ತಾರೆ, ಅವರ ಹತ್ರ ಯಾವ ಅಟ್ಯಾಚ್‌ಮೆಂಟ್ ಇದೆ ಅಂತ ಕೇಳ್ಕೊಳ್ಳಿ.

ಎಂ416ಗೆ ಅಟ್ಯಾಚ್‌ಮೆಂಟ್ ಹಾಕೋಕೆ ಐದು ಜಾಗ: ಮಝಲ್ (ನಳಿಕೆ ತುದಿ), ಗ್ರಿಪ್, ಮ್ಯಾಗಝಿನ್, ಸ್ಟಾಕ್ (ಹಿಂಬದಿ), ಸ್ಕೋಪ್. ಐದೂ ತುಂಬಿದ್ರೆ 80 ಮೀಟರ್‌ವರೆಗೂ ಸ್ಪ್ರೇ (ಬಿಡದೆ ಗುಂಡು ಸುರಿಸೋದು) ಕೈಯಲ್ಲಿ ನಿಲ್ಲುತ್ತೆ. ಬರಿಗೈ ಎಂ416 ಬೇರೆಯೇ ಗನ್, ಅದನ್ನ ನಂಬಿ 50 ಮೀಟರ್‌ನಲ್ಲಿ ಸ್ಪ್ರೇ ಮಾಡೋದು ಗುಂಡು ದಂಡ. ಎಕೆಎಂಗೆ ಗ್ರಿಪ್ಪೂ ಇಲ್ಲ, ಸ್ಟಾಕೂ ಇಲ್ಲ. ಹಾಗಾಗಿ ಒಂದು ಕಾಂಪೆನ್ಸೇಟರ್ (ಗನ್ ಒದೆಯೋದನ್ನ ತಗ್ಗಿಸೋ ಮಝಲ್ ತುಂಡು), ಒಂದು ಎಕ್ಸ್‌ಟೆಂಡೆಡ್ ಮ್ಯಾಗ್, ಒಂದು ರೆಡ್ ಡಾಟ್ ಸಿಕ್ಕಿದ ತಕ್ಷಣ ಅದು ಸಿದ್ಧ. ಇಳಿದ ಮೊದಲ ಐದು ನಿಮಿಷಕ್ಕೆ ಎಕೆಎಂ ಒಳ್ಳೇದು ಅನ್ನೋದು ಇದಕ್ಕೇ. ಬೆರಿಲ್‌ಗೆ ಸ್ಟಾಕ್ ಜಾಗ ಇಲ್ಲ, ಗ್ರಿಪ್ ಇದೆ. ಕಾಂಪೆನ್ಸೇಟರ್ ಮತ್ತು ಗ್ರಿಪ್ ಎರಡೂ ಇಲ್ದೆ ಅದನ್ನ 30 ಮೀಟರ್ ಆಚೆ ಬಳಸ್ಬೇಡಿ. ಹೆಬ್ಬೆರಳಲ್ಲಿ ಆಡೋ ಇಬ್ಬರಿಗಂತೂ ಬೆರಿಲ್ ಬೇಡ, ಗೈರೋ ಇರೋರಿಗೇ ಕೊಡಿ.

ಗ್ರಿಪ್ ವಿಷ್ಯದಲ್ಲಿ ಎಲ್ರೂ ಕೈಗೆ ಸಿಕ್ಕಿದ್ದು ಹಾಕ್ಕೊಂಡು ಓಡ್ತಾರೆ. ಗುಂಡು ನೇರ ಮೇಲಕ್ಕೆ ಏರ್ತಾ ಇದ್ರೆ ವರ್ಟಿಕಲ್ ಗ್ರಿಪ್. ಎಡಕ್ಕೆ ಬಲಕ್ಕೆ ಅಲ್ಲಾಡ್ತಾ ಇದ್ರೆ ಆಂಗಲ್ಡ್. ಥಂಬ್ ಗ್ರಿಪ್ ಸ್ಕೋಪ್ ಬೇಗ ತೆರೆಯೋಕೆ, ಮನೆ ಒಳಗೆ ನುಗ್ಗೋನಿಗೆ. ಪರೀಕ್ಷೆ ಹೀಗೆ: ಟ್ರೈನಿಂಗ್ ಗ್ರೌಂಡ್‌ನಲ್ಲಿ ಗೋಡೆಯಿಂದ 20 ಮೀಟರ್ ದೂರ ನಿಂತು, ರೆಡ್ ಡಾಟ್ ಹಾಕಿ, ಸ್ಕ್ರೀನ್ ಮುಟ್ಟದೆ, ಫೋನ್ ಅಲ್ಲಾಡಿಸದೆ ಪೂರ್ತಿ ಮ್ಯಾಗ್ ಖಾಲಿ ಮಾಡಿ. ಗೋಡೆ ಮೇಲಿನ ಗುರುತು ಯಾವ ಕಡೆ ವಾಲಿದೆ ಅಂತ ನೋಡಿ. ಆಮೇಲೆ ಅದೇ ಜಾಗದಲ್ಲಿ ಕಂಟ್ರೋಲ್ ಮಾಡ್ತಾ ಹೊಡೀರಿ. ಮೊದಲ ಹತ್ತು ಗುಂಡು ಮನುಷ್ಯನ ಎದೆಯಗಲದೊಳಗೆ ಬಿದ್ರೆ ಸಾಕು, ಉಳಿದ ಮೂವತ್ತರ ಬಗ್ಗೆ ತಲೆ ಕೆಡಿಸ್ಕೊಳ್ಳಬೇಡಿ. ನಾಲ್ಕೈದು ಗುಂಡಿಗೆ ಆಳು ಬೀಳೋವಾಗ ನಲವತ್ತನ್ನೂ ನೇರ ಇಡೋ ಅಭ್ಯಾಸ ಯಾಕೆ?

ಹಂಚಿಕೆ ನಾನು ಹೇಳೋದಾದ್ರೆ ಇಷ್ಟು. ಮುಂದೆ ನುಗ್ಗೋನು ಬೆರಿಲ್ ಜೊತೆ ಹತ್ತಿರದ ಹೊಡೆದಾಟಕ್ಕೆ ಯುಎಂಪಿ ಅಥವಾ ಎಸ್12ಕೆ ಶಾಟ್‌ಗನ್. ಅವನ ಬೆನ್ನಿಗಿರೋನು ಎಂ416 ಜೊತೆ ಡಿಪಿ28 ಮೆಷಿನ್ ಗನ್. ಡಿಪಿಗೆ 47 ಗುಂಡು, ಮಲಗಿ ಹೊಡೆದ್ರೆ ಅಲ್ಲಾಡಲ್ಲ, ಓಡೋ ಜೀಪ್ ನಿಲ್ಲಿಸೋಕೆ ಅದರಷ್ಟು ಒಳ್ಳೇದು ನೆಲದ ಲೂಟ್‌ನಲ್ಲಿ ಇಲ್ಲ. ಕಾಲ್ ಕೊಡೋನು (ಏನು ಮಾಡ್ಬೇಕು ಅಂತ ಹೇಳೋನು) ಎಂ416 ಜೊತೆ ದೂರಕ್ಕೆ ಮಿನಿ14, ಎರಡಕ್ಕೂ 5.56 ಒಂದೇ ಗುಂಡು, ಬ್ಯಾಗ್ ಹಗುರ. ನಾಲ್ಕನೆಯವನದ್ದು ಕಾರ್98 ಅಂತೀರಿ, ಅದರ ಬಗ್ಗೆ ಬೇರೆಯವರು ಹೇಳ್ಲಿ.

ಗುಂಡು: ಮುಖ್ಯ ಗನ್‌ಗೆ 180ರಿಂದ 220. ಮಿನಿ14 ಇದ್ರೆ ಅದಕ್ಕೆ ಅಂತ 60 ಹೆಚ್ಚು. ಕಾರ್98 ಥರದ ಬೋಲ್ಟ್ ಗನ್‌ಗೆ (ಪ್ರತಿ ಗುಂಡಿಗೂ ಬೋಲ್ಟ್ ಎಳೆಯೋದು) 40 ಮೀರಬಾರದು. ಬ್ಯಾಗ್‌ನಲ್ಲಿ 400 ಗುಂಡು ತುಂಬ್ಕೊಂಡು ಒಂದೂ ಸ್ಮೋಕ್ ಇಲ್ದೆ ತಿರುಗೋರನ್ನ ಎಷ್ಟೋ ಕ್ರೇಟ್‌ಗಳಲ್ಲಿ (ಸತ್ತವರ ಸಾಮಾನಿನ ಪೆಟ್ಟಿಗೆ) ನೋಡ್ತೀವಿ.

ವೆಸ್ಟ್ ಬಗ್ಗೆ ಒಂದು ಮಾತು. ಲೆವೆಲ್ 3 ಸಿಕ್ತು ಅಂತ ಕಣ್ಣು ಮುಚ್ಚಿ ಹಾಕ್ಬೇಡಿ, ಅದರ ಬಾಳಿಕೆ ಎಷ್ಟು ಉಳಿದಿದೆ ನೋಡಿ. ಹೊಡೆತ ತಿಂದು ಸಾಯೋಕಾದ ಲೆವೆಲ್ 3ಗಿಂತ ಹೊಸ ಲೆವೆಲ್ 2 ಮೇಲು, ಒಡೆದ ವೆಸ್ಟ್ ಹೊಡೆದಾಟದ ನಡುವೆಯೇ ಕೈ ಕೊಡುತ್ತೆ.

ಸಾಗರದ_ಬೋಲ್ಟ್

ಮೇಲಿನವರ ಲೆಕ್ಕ ಸರಿ ಇದೆ. ಡಿಪಿ28 ಎರಡನೇ ಗನ್ ಆಗಿ ಕೊಡೋದನ್ನ ಮಾತ್ರ ಒಪ್ಪಲ್ಲ. ಸ್ಕ್ವಾಡ್‌ನಲ್ಲಿ ಎಂ416 ಇಟ್ಕೊಂಡೋನಿಗೆ ಇನ್ನೊಂದು ಸ್ಪ್ರೇ ಗನ್ ಯಾಕೆ? 47 ಗುಂಡಿನ ಡಿಪಿ ರೀಲೋಡ್ ಮಾಡೋ ಹೊತ್ತಿಗೆ ಎದುರಿನವರು ಕಾಂಪೌಂಡ್ ಒಳಗೆ ಬಂದಿರ್ತಾರೆ. ಆ ಜಾಗಕ್ಕೆ ದೂರಕ್ಕೆ ಒಂದೊಂದೇ ಗುಂಡು ಹೊಡೆಯೋ ಎಸ್‌ಎಲ್‌ಆರ್ ಅಥವಾ ಎಸ್‌ಕೆಎಸ್ ಕೊಡಿ.

ಈಗ ಕಾರ್98. ಒಂದು ಹೊಡೆತದಿಂದ ಇನ್ನೊಂದಕ್ಕೆ ಸುಮಾರು 1.9 ಸೆಕೆಂಡ್. ಲೆವೆಲ್ 1, ಲೆವೆಲ್ 2 ಹೆಲ್ಮೆಟ್ ಹಾಕಿದ ತಲೆಗೆ ಬಿದ್ರೆ ಒಂದೇ ಗುಂಡಿಗೆ ನಾಕ್ (ನೆಲಕ್ಕೆ ಬೀಳ್ತಾನೆ, ಜೊತೆಯವರು ಎತ್ಬಹುದು). ಲೆವೆಲ್ 3 ಹೆಲ್ಮೆಟ್ ಆದ್ರೆ ಇಲ್ಲ, ಅದನ್ನ ಒಂದೇ ಏಟಿಗೆ ಉರುಳಿಸೋದು ವಿಮಾನದಿಂದ ಬೀಳೋ ಡ್ರಾಪ್‌ನಲ್ಲಿ ಬರೋ ಎಡಬ್ಲ್ಯೂಎಂ ಸ್ನೈಪರ್. ಎದೆಗೆ ಬಿದ್ರೆ ಲೆವೆಲ್ 2 ವೆಸ್ಟ್‌ನವನೂ ಉಳೀತಾನೆ. ಉಳಿದವ ಮರದ ಹಿಂದೆ ಕೂತು ಆರು ಸೆಕೆಂಡ್‌ನಲ್ಲಿ ಫಸ್ಟ್ ಏಡ್ ಹೊಡೆದು 75ಕ್ಕೆ ಬರ್ತಾನೆ, ಮೇಲೊಂದು ಡ್ರಿಂಕ್ ಕುಡೀತಾನೆ, ನಿಮ್ಮ ಗುಂಡು ವ್ಯರ್ಥ, ಜಾಗ ಬಯಲು. ಅದಕ್ಕೇ ಕಾರ್98 ಹಿಡಿದವ ಒಬ್ಬನೇ ಹೊಡೀಬಾರದು. ಅವನು ಹೊಡೆದ ಆಳಿನ ಮೇಲೆ ಅದೇ ಕ್ಷಣಕ್ಕೆ ಮಿನಿ14 ಅಥವಾ ಎಸ್‌ಎಲ್‌ಆರ್‌ನಿಂದ ಎರಡು ಗುಂಡು ಬೀಳಬೇಕು. ಮಾರ್ಕ್ ಹಾಕಿ, "ಒಂದು, ಎರಡು" ಎಣಿಸಿ ಹೊಡೀರಿ. ಬೋಲ್ಟ್ ಗನ್‌ನ ಬೆಲೆ ಇರೋದು ಜೋಡಿಯಲ್ಲಿ.

ಓಡೋನ ಮುಂದೆ ಎಷ್ಟು ಹಿಡೀಬೇಕು ಅನ್ನೋದೂ ಅಂದಾಜಿನ ಮಾತಲ್ಲ. ಕಾರ್98 ಗುಂಡಿನ ವೇಗ ಸೆಕೆಂಡಿಗೆ 760 ಮೀಟರ್. 300 ಮೀಟರ್ ಹೋಗೋಕೆ 0.4 ಸೆಕೆಂಡ್. ಓಡೋ ಆಳು ಸೆಕೆಂಡಿಗೆ ಸುಮಾರು 6 ಮೀಟರ್, ಅಂದ್ರೆ ಅಷ್ಟರಲ್ಲಿ ಎರಡೂವರೆ ಮೀಟರ್ ಮುಂದೆ ಹೋಗಿರ್ತಾನೆ. ಮಿನಿ14 ಗುಂಡು 990 ಮೀಟರ್ ವೇಗ, ಅಲ್ಲಿ 1.8 ಮೀಟರ್ ಸಾಕು, ಅಂದ್ರೆ ಒಬ್ಬ ಮನುಷ್ಯ ಅಡ್ಡ ಮಲಗಿದಷ್ಟು. 150 ಮೀಟರ್‌ಗೆ ಇವೆಲ್ಲ ಅರ್ಧ. ಎಕೆಎಂ 715, ಅದರಲ್ಲಿ ದೂರದ ಓಡೋ ಗುರಿಗೆ ಕೈ ಹಾಕ್ಬೇಡಿ. ನಿಂತಿರೋನಿಗೂ 300 ಮೀಟರ್‌ನಲ್ಲಿ ಗುಂಡು ಕೆಳಗಿಳಿಯುತ್ತೆ, ಅದನ್ನ ಟ್ರೈನಿಂಗ್ ಗ್ರೌಂಡ್‌ನ ದೂರದ ಗುರಿಗಳ ಮೇಲೆ ನಿಮ್ಮ ಸ್ಕೋಪ್‌ನಲ್ಲೇ ನೋಡಿ ಕಣ್ಣಿಗೆ ಕೂರಿಸ್ಕೊಳ್ಳಿ.

6ಎಕ್ಸ್ (ಆರು ಪಟ್ಟು ಹತ್ತಿರ ತೋರಿಸೋ ಸ್ಕೋಪ್) ಸಿಕ್ರೆ ಬಿಸಾಡ್ಬೇಡಿ. 3ಎಕ್ಸ್‌ಗೆ ಇಳಿಸಿ ಎಂ416 ಮೇಲೆ ಹಾಕ್ಬಹುದು. ನೆನಪಿರಲಿ, ಇಳಿಸಿದರೂ ಅದಕ್ಕೆ ಅನ್ವಯ ಆಗೋದು 6ಎಕ್ಸ್ ಸೆನ್ಸಿಟಿವಿಟಿಯೇ. ಅದನ್ನ ಬೇರೆಯಾಗಿ ಸರಿ ಮಾಡ್ಕೊಳ್ಳದೆ ಇದ್ರೆ ಮೊದಲ ಸ್ಪ್ರೇಯಲ್ಲೇ ಗುಂಡು ಆಕಾಶಕ್ಕೆ.

ಕೊಪ್ಪದ_ಕೇಬಲ್

ನೆಟ್ ವಿಷ್ಯ ನಾನು ಹೇಳ್ತೀನಿ. ಮೇಲೆ ಎಂ416ಗೂ ಎಕೆಎಂಗೂ 0.04 ಸೆಕೆಂಡ್ ವ್ಯತ್ಯಾಸ ಅಂದ್ರಲ್ಲ, ಅದು 40 ಮಿಲಿಸೆಕೆಂಡ್. ನಿಮ್ಮ ಪಿಂಗ್ 60ರಿಂದ 300ಕ್ಕೆ ಹಾರಿದ್ರೆ 240 ಮಿಲಿಸೆಕೆಂಡ್ ಹೋಯ್ತು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗನ್ ಬದಲಾಯಿಸೋದಕ್ಕಿಂತ ಮುಂಚೆ ಇದನ್ನ ಸರಿ ಮಾಡ್ಕೊಳ್ಳಿ. ಪಿಂಗ್ 90 ಇದ್ದು ಅಲ್ಲೇ ನಿಂತಿದ್ರೆ ಆಡ್ಬಹುದು, ಕೈ ಅದಕ್ಕೆ ಹೊಂದ್ಕೊಳ್ಳುತ್ತೆ. 50 ಇದ್ದು ಕುಣೀತಾ ಇದ್ರೆ ಆಡೋಕಾಗಲ್ಲ.

ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯೋಕೆ ಯಾವುದಾದ್ರೂ ಪಿಂಗ್ ಆ್ಯಪ್ ಹಾಕಿ. ಮೊದಲು ರೂಟರ್‌ಗೇ ಪಿಂಗ್ ಮಾಡಿ. ವಿಳಾಸ ಸಾಮಾನ್ಯವಾಗಿ 192.168.1.1, ಇಲ್ದಿದ್ರೆ ವೈಫೈ ವಿವರದಲ್ಲಿ ಗೇಟ್‌ವೇ ಅಂತ ಇರುತ್ತೆ. ಎರಡು ನಿಮಿಷ ಬಿಡಿ. 2ರಿಂದ 8ರೊಳಗೆ ಇರಬೇಕು. ಅಲ್ಲೇ 50, 100 ಅಂತ ಹಾರಿದ್ರೆ ಲೈನ್‌ದು ತಪ್ಪಿಲ್ಲ, ನಿಮ್ಮ ಮನೆ ವೈಫೈದು. ಅದು ಸರಿ ಇದ್ದು 8.8.8.8ಗೆ (ಗೂಗಲ್‌ನ ಸರ್ವರ್) ಮಾತ್ರ ಹಾರಿದ್ರೆ ತೊಂದರೆ ಹೊರಗಿನ ಲೈನ್‌ನಲ್ಲಿ.

ಹಳೇ ಮನೆಗಳಲ್ಲಿ ವೈಫೈಯೇ ಹೆಚ್ಚು ಕಾಟ. ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ ಇದ್ರೆ 5 ಗಿಗಾಹರ್ಟ್ಝ್ ಎರಡನೇ ಕೋಣೆಗೇ ಸೋತುಹೋಗುತ್ತೆ. ಅದೇ ಕೋಣೆಯಲ್ಲಿ ಕೂತ್ರೆ 5, ಗೋಡೆ ಆಚೆ ಅಂದ್ರೆ 2.4. ಎರಡಕ್ಕೂ ಒಂದೇ ಹೆಸರು ಇಟ್ಟಿದ್ರೆ ಫೋನ್ ಆಟದ ಮಧ್ಯೆ ಅದರಿಂದ ಇದಕ್ಕೆ ಜಿಗೀತಾ ಇರುತ್ತೆ. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಫೋನ್‌ನಲ್ಲಿ "ವೈಫೈ ದುರ್ಬಲವಾದ್ರೆ ಮೊಬೈಲ್ ಡೇಟಾಗೆ ಹೋಗು" ಅನ್ನೋ ಆಯ್ಕೆ ಇರುತ್ತೆ, ಅದನ್ನ ಆಫ್ ಮಾಡಿ. ಮಧ್ಯೆ ಕೆಲವು ಸೆಕೆಂಡ್ ಪಾತ್ರ ನಿಂತಲ್ಲೇ ನಿಲ್ಲೋದಕ್ಕೆ ಎಷ್ಟೋ ಸಲ ಇದೇ ಕಾರಣ.

ಕರೆಂಟ್: ಒಂದು ಮಿಂಚಿಗೆ ಕರೆಂಟ್ ಹೋಗಿ ಬಂದ್ರೂ ರೂಟರ್ ಪೂರ್ತಿ ಏಳೋಕೆ ಒಂದೆರಡು ನಿಮಿಷ ಬೇಕು. ರೂಟರ್‌ಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತೆ. ತರೋ ಮುಂಚೆ ಅಡಾಪ್ಟರ್ ಮೇಲೆ ಬರೆದಿದ್ದನ್ನ ಓದಿ. ವೋಲ್ಟ್ ಸರಿಸಮ ಇರಬೇಕು, ಹೆಚ್ಚಿನವು 12 ವೋಲ್ಟ್. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು. ಫೈಬರ್ ಡಬ್ಬಿ ಒಂದು, ವೈಫೈ ರೂಟರ್ ಇನ್ನೊಂದು ಅಂತ ಬೇರೆ ಬೇರೆ ಇದ್ರೆ ಎರಡಕ್ಕೂ ಬೇಕು, ಒಂದಕ್ಕೇ ಕೊಟ್ಟು ನೆಟ್ ಬರಲಿಲ್ಲ ಅನ್ನೋರು ತುಂಬ ಜನ. ಮನೆಯಲ್ಲಿ ಇನ್ವರ್ಟರ್ ಇದ್ದೂ ರೂಟರ್ ರೀಸ್ಟಾರ್ಟ್ ಆಗ್ತಾ ಇದ್ರೆ ಇನ್ವರ್ಟರ್ ಮೇಲೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ಹುಡುಕಿ. ಗುಡುಗು ಜೋರಾದ್ರೆ ಮಾತ್ರ ಪ್ಲಗ್ ತೆಗೆದಿಡಿ, ಮ್ಯಾಚ್ ಹೋದ್ರೆ ಹೋಗ್ಲಿ.

ಆಗುಂಬೆ ಕಡೆಯವರು ಮೊಬೈಲ್ ಡೇಟಾದಲ್ಲೇ ಆಡೋದಾದ್ರೆ ಫೋನ್‌ನ ಸಿಮ್ ಸ್ಟೇಟಸ್‌ನಲ್ಲಿ ಸಿಗ್ನಲ್ ಎಷ್ಟು ಡಿಬಿಎಂ ಅಂತ ನೋಡಿ. ಮೈನಸ್ 95ರ ಒಳಗೆ ಇದ್ರೆ ಚೆನ್ನ, ಮೈನಸ್ 110 ದಾಟಿದ್ರೆ ಕಷ್ಟ. ಮನೆಯೊಳಗೆ ಜಾಗ ಬದಲಿಸಿದ್ರೆ ಹತ್ತು ಅಂಕಿ ಆಚೀಚೆ ಆಗುತ್ತೆ, ಟವರ್ ಕಡೆಯ ಕಿಟಕಿ ಹುಡುಕಿ. 5ಜಿ ಬಂದು ಹೋಗಿ ಮಾಡೋ ಕಡೆ ಫೋನನ್ನ 4ಜಿಗೇ ಕಟ್ಟಿಹಾಕಿ. ಮಳೆ ಹನಿಯಿಂದ ಫೋನ್ ಸಿಗ್ನಲ್ ಸಾಯೋದು ಕಡಿಮೆ. ಟವರ್‌ಗೆ ಕರೆಂಟ್ ಹೋಗೋದು, ಟವರ್‌ನಿಂದ ಟವರ್‌ಗೆ ಹೋಗೋ ಮೈಕ್ರೋವೇವ್ ಕೊಂಡಿ ಜಡಿಮಳೆಗೆ ಸೊರಗೋದು, ಹೆಚ್ಚಾಗಿ ಇಂಥವೇ ಕಾರಣ. ಅದಕ್ಕೆ ನಮ್ಮ ಕೈಲಿ ಮದ್ದಿಲ್ಲ.

ಮದ್ದಿಲ್ಲದ ದಿನ ಕೆಲಸ ಬದಲಿಸಿ. ನೆಟ್ ಕುಣಿಯೋನ ಕೈಗೆ ಗಾಡಿ ಕೊಡ್ಬೇಡಿ, ಕಲ್ಲಿಗೆ ಹೊಡೆದು ನಾಲ್ಕೂ ಜನ ಹೋಗ್ತೀರಿ. ಮೆಟ್ಟಿಲು, ಬಾಗಿಲು ಕಾಯೋಕೂ ನಿಲ್ಲಿಸ್ಬೇಡಿ. ಎದುರಿನವ ಬಾಗಿಲಲ್ಲಿ ಕಾಣಿಸ್ಕೊಳ್ಳೋ ಹೊತ್ತಿಗೆ ಅವನು ಗುಂಡು ಹಾರಿಸಿ ಆಗಿರುತ್ತೆ. ನೆಟ್ ಕುಣಿಯೋನಿಗೆ ಎಂ416 ಮತ್ತು ಒಂದಷ್ಟು ಸ್ಮೋಕ್ ಕೊಟ್ಟು ಹಿಂದಿನ ಜೋಡಿಯಲ್ಲಿ ಇಡಿ.

ಇನ್ನು ಇಯರ್‌ಫೋನ್. ಮಳೆಗಾಲದಲ್ಲಿ ಶೀಟ್ ಮಾಡಿನ ಕೆಳಗೆ ಸ್ಪೀಕರ್‌ನಲ್ಲಿ ಹೆಜ್ಜೆ ಸಪ್ಪಳ ಕೇಳೋ ಮಾತೇ ಇಲ್ಲ. ವೈರ್ ಇರೋದೇ ಬೇಕು. ಸಾಮಾನ್ಯ ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬರುತ್ತೆ, ಹೆಜ್ಜೆ ಬಾಗಿಲ ಹತ್ರ ಕೇಳಿದಾಗ ಆಳು ಒಳಗೆ ಬಂದಿರ್ತಾನೆ.

ತೀರ್ಥಳ್ಳಿ_ತುಂಗೆ

ಮೂರೂ ಜನಕ್ಕೆ ತುಂಬ ಥ್ಯಾಂಕ್ಸ್. ರೂಟರ್‌ಗೆ ಪಿಂಗ್ ಮಾಡಿದ್ರೆ ಅಲ್ಲೇ 80, 120 ತೋರಿಸ್ತಿದೆ, ಹಾಗಾದ್ರೆ ಗೋಡೆಯದ್ದೇ ಸಮಸ್ಯೆ. ಡಿಪಿ28 ಬದಲು ಎಸ್‌ಎಲ್‌ಆರ್ ಕೊಡೋದೂ, ಕಾರ್98 ಜೋಡಿಯಲ್ಲಿ ಹೊಡೆಯೋದೂ ಒಪ್ಪಿಗೆ ಆಯ್ತು.

ಇನ್ನೆರಡು ಉಳೀತು. ಗೈರೋ ಹೊಸದಾಗಿ ಶುರು ಮಾಡೋರಿಗೆ ಎಷ್ಟು ಇಡ್ಬೇಕು? ಮತ್ತೆ ಮುಖ್ಯ ಪ್ರಶ್ನೆ, ಮೂರನೇ ಸರ್ಕಲ್‌ನಲ್ಲಿ ನಾಲ್ಕೂ ಜನ ಒಟ್ಟಿಗೆ ಹೋಗೋದು. ಗನ್ ಬದಲಿಸಿದ್ರೆ ಅದು ಸರಿ ಹೋಗುತ್ತಾ?

ಶರಾವತಿ_ಹಿನ್ನೀರು

ಗನ್ ಬದಲಿಸಿದ್ರೆ ಅದು ಸರಿ ಹೋಗಲ್ಲ. ನೀವು ತಡವಾಗಿ ಬರ್ತಾ ಇದ್ದೀರಿ.

ಟಿಪಿಪಿಯಲ್ಲಿ ಕ್ಯಾಮೆರಾ ಪಾತ್ರದ ಹಿಂದೆ, ಮೇಲೆ ಇರುತ್ತೆ. ಗೋಡೆ ಹಿಂದೆ ಕೂತವನಿಗೆ ತಲೆ ಹೊರಗೆ ಹಾಕದೇನೇ ನೀವು ಬರೋದು ಕಾಣುತ್ತೆ, ನಿಮಗೆ ಅವನು ಕಾಣಲ್ಲ. ಹಾಗಾಗಿ ಮೊದಲು ಬಂದು ಕೂತವನಿಗೆ ಅರ್ಧ ಗೆಲುವು. ಬಯಲಲ್ಲಿ ಓಡಿ ಬರೋ ನಾಲ್ಕು ಜನರ ಕೈಯಲ್ಲಿ ಯಾವ ಗನ್ ಇದ್ರೂ ಅಷ್ಟೇ. ರೊಝೋಕ್, ಯಾಸ್ನಾಯಾದಲ್ಲಿ ಲೂಟ್ ಚೆನ್ನಾಗಿದೆ ಅಂತ ಎರಡನೇ ಸರ್ಕಲ್ ಕುಗ್ಗೋವರೆಗೂ ಮನೆ ಮನೆ ಹುಡುಕ್ತಾ ಇದ್ರೆ ಮೂರನೇದಕ್ಕೆ ಸರ್ಕಲ್ ಅಂಚಿನ ನೀಲಿ ಗೋಡೆ (ಅದರ ಹೊರಗೆ ಹೆಲ್ತ್ ಇಳಿಯುತ್ತೆ) ಬೆನ್ನಿಗೆ ಇಟ್ಕೊಂಡು ಓಡ್ಬೇಕಾಗುತ್ತೆ. ಮುಂದೆ ಯಾರೋ ಕಾಯ್ತಾ ಇರ್ತಾರೆ.

ಒಂದು ಕಟ್ಟುನಿಟ್ಟು ಮಾಡ್ಕೊಳ್ಳಿ. ಮೊದಲ ಸರ್ಕಲ್ ಕಾಯೋ ಐದು ನಿಮಿಷದೊಳಗೆ ಪ್ರತಿಯೊಬ್ಬರಿಗೂ ಒಂದು ರೈಫಲ್, ಲೆವೆಲ್ 2 ವೆಸ್ಟ್ ಹೆಲ್ಮೆಟ್, 120 ಗುಂಡು, ಎರಡು ಫಸ್ಟ್ ಏಡ್, ಎರಡು ಸ್ಮೋಕ್, ತಂಡಕ್ಕೆ ಎರಡು ಗಾಡಿ. ಇಷ್ಟಾದ್ರೆ ಹೊರಡಿ. 4ಎಕ್ಸ್ ಸಿಗಲಿಲ್ಲ, ಸ್ಟಾಕ್ ಸಿಗಲಿಲ್ಲ ಅಂತ ನಿಲ್ಲೋದು ಬೇಡ, ಉಳಿದದ್ದು ಸತ್ತವರ ಕ್ರೇಟ್‌ನಲ್ಲಿ ಬರುತ್ತೆ. ಎರಡನೇ ಸರ್ಕಲ್ ಮ್ಯಾಪ್‌ನಲ್ಲಿ ಕಾಣಿಸಿದ ಕೂಡ್ಲೇ, ಅದು ಕುಗ್ಗೋಕೆ ಶುರುವಾಗೋ ಮೊದಲು ಅದರೊಳಗೆ ಜಾಗ ಹಿಡೀರಿ.

ಸರ್ಕಲ್ ದಕ್ಷಿಣಕ್ಕೆ, ಮಿಲಿಟರಿ ಬೇಸ್ ದ್ವೀಪದ ಕಡೆ ಹೋದ್ರೆ ಇನ್ನೂ ಬೇಗ. ಅಲ್ಲಿಗೆ ಇರೋದು ಎರಡೇ ಸೇತುವೆ, ಎರಡರಲ್ಲೂ ಕಾಯೋರು ಇದ್ದೇ ಇರ್ತಾರೆ. ಮೊದಲ ಸರ್ಕಲ್‌ನಲ್ಲೇ ದಾಟಿ, ಇಲ್ಲಾಂದ್ರೆ ದೋಣಿ ಹಿಡೀರಿ. ಸೇತುವೆ ಮೇಲೆ ಅಡ್ಡಾದಿಡ್ಡಿ ನಿಂತ ಗಾಡಿಗಳು ಕಂಡ್ರೆ ಅದು ಸುಮ್ನೆ ನಿಂತಿದ್ದಲ್ಲ, ವಾಪಸ್ ತಿರುಗಿಸಿ.

ಜಾಗ ಯಾವುದು? ಮಧ್ಯದ ದೊಡ್ಡ ಮನೆ ಎಲ್ರಿಗೂ ಬೇಕು, ಅದಕ್ಕೇ ಅದು ಬೇಡ. ಸರ್ಕಲ್ ಅಂಚಿನಿಂದ ಸ್ವಲ್ಪ ಒಳಗೆ, ಗುಡ್ಡದ ಇಳಿಜಾರು ಹುಡುಕಿ. ಗುಡ್ಡದ ನೆತ್ತಿ ಮೇಲೆ ನಿಲ್ಲಬಾರದು, ಆಕಾಶದ ಎದುರು ಆಕೃತಿ ಕಪ್ಪಗೆ ಎದ್ದು ಕಾಣುತ್ತೆ, ಮೂರೂ ದಿಕ್ಕಿಂದ ಗುಂಡು ಬೀಳುತ್ತೆ. ನೆತ್ತಿಯಿಂದ ನಾಲ್ಕೈದು ಹೆಜ್ಜೆ ಕೆಳಗೆ, ನಿಮ್ಮ ಕಡೆಯ ಇಳಿಜಾರಿನಲ್ಲಿ ಇರಿ. ನಮ್ಮ ಘಾಟಿ ರಸ್ತೆ ಪಕ್ಕದ ದರೆ ಹಿಂದೆ ನಿಂತ್ರೆ ರಸ್ತೆಯಲ್ಲಿರೋರಿಗೆ ಹೇಗೆ ಕಾಣಲ್ವೋ ಹಾಗೆ. ಕ್ಯಾಮೆರಾದಿಂದ ಆಚೆ ಕಡೆ ನೋಡಿ, ಆಳು ಕಂಡಾಗ ಮಾತ್ರ ಎರಡು ಹೆಜ್ಜೆ ಮೇಲೆ ಹೋಗಿ ಹೊಡೆದು ಮತ್ತೆ ಕೆಳಗಿಳೀರಿ. ಎರಡು ಸಲ ಒಂದೇ ಜಾಗದಿಂದ ತಲೆ ಎತ್ಬೇಡಿ.

ಮರ, ಕಲ್ಲಿನ ಮರೆ ತಗೊಂಡಾಗ ಅದನ್ನ ನಿಮ್ಮ ಎಡಕ್ಕೆ ಇಟ್ಕೊಂಡು ಬಲದಿಂದ ಇಣುಕಿ. ಕ್ಯಾಮೆರಾ ಬಲ ಭುಜದ ಮೇಲಿದೆ, ಬಲದಿಂದ ಇಣುಕಿದ್ರೆ ಮೈ ಕಡಿಮೆ ಕಾಣುತ್ತೆ. ಸೆಟ್ಟಿಂಗ್‌ನಲ್ಲಿ ಪೀಕ್ (ಪಕ್ಕಕ್ಕೆ ಬಾಗಿ ಇಣುಕೋ ಬಟನ್) ಆನ್ ಇದೆಯಾ ಅಂತಲೂ ನೋಡಿ, ಹೆಬ್ಬೆರಳಿನವರು ಬಟನ್ ಕಡಿಮೆ ಆಗ್ಲಿ ಅಂತ ಅದನ್ನ ಆಫ್ ಮಾಡಿಟ್ಟಿರ್ತಾರೆ.

ನಾಲ್ಕೂ ಜನ ಒಟ್ಟಿಗೆ ಹೋಗೋಕೆ ಎರಡನೇ ಕಾರಣ, ನಾಲ್ಕೂ ಜನ ಒಂದೇ ಕಲ್ಲಿನ ಹಿಂದೆ ಇರೋದು. ಒಂದು ಗ್ರೆನೇಡ್ ಸಾಕು. ಇಬ್ಬಿಬ್ಬರಾಗಿ, ನಡುವೆ 30ರಿಂದ 50 ಮೀಟರ್ ಬಿಟ್ಟು ಕೂತ್ಕೊಳ್ಳಿ. ಒಂದು ಜೋಡಿ ಮೇಲೆ ನುಗ್ಗೋರು ಇನ್ನೊಂದು ಜೋಡಿಗೆ ಪಕ್ಕೆ ಕೊಟ್ಟಿರ್ತಾರೆ. ಬೆರಿಲ್‌ನವ, ಅವನ ಬೆನ್ನಿಗೆ ಎಸ್‌ಎಲ್‌ಆರ್‌ನವ ಒಂದು ಜೋಡಿ. ಮಿನಿ14, ಕಾರ್98 ಇನ್ನೊಂದು. 50 ಮೀಟರ್‌ಗಿಂತ ದೂರ ಆದ್ರೆ ಒಬ್ಬ ಬಿದ್ದಾಗ ಇನ್ನೊಬ್ಬ ಬಂದು ಮುಟ್ಟಲ್ಲ.

ನಾಕ್ ಆದಾಗ ಏನು ಅನ್ನೋದು ಮೊದಲೇ ಮಾತಾಗಿರಬೇಕು. ಎತ್ತೋಕೆ 10 ಸೆಕೆಂಡ್ ಬೇಕು, ಎದುರಿನವರಿಗೂ ಅಷ್ಟೇ. ಅವರ ಒಬ್ಬ ಬಿದ್ದು, ದೂರ 60 ಮೀಟರ್ ಒಳಗಿದ್ರೆ ಮುಂದಿನ ಜೋಡಿ ತಕ್ಷಣ ಹೊರಡಬೇಕು, ಅವರ ಇನ್ನೊಬ್ಬನ ಕೈ ಎತ್ತೋದ್ರಲ್ಲಿ ಕಟ್ಟಿಹೋಗಿರುತ್ತೆ. ದೂರ ಹೆಚ್ಚಿದ್ರೆ ನುಗ್ಗೋದು ಬೇಡ, ಎತ್ತೋ ಜಾಗದ ಮೇಲೆ ಗುಂಡು ಹಾಕ್ತಾ ಇರಿ. ಗ್ರೆನೇಡ್ ಪಿನ್ ತೆಗೆದ ಮೇಲೆ 5 ಸೆಕೆಂಡ್‌ಗೆ ಸಿಡಿಯುತ್ತೆ. ಹಾಗೇ ಎಸೆದ್ರೆ ಅವರು ಎದ್ದು ಓಡ್ತಾರೆ. ಎರಡು ಸೆಕೆಂಡ್ ಕೈಯಲ್ಲಿ ಹಿಡಿದು ಎಸೀರಿ.

ಗಾಡಿಯನ್ನ ಹಿಂದೆ ಬಿಟ್ಟು ಹೋಗ್ಬೇಡಿ. ನಾಲ್ಕನೇ ಸರ್ಕಲ್ ಬಯಲಲ್ಲಿ ಬಿದ್ರೆ ಜೀಪೇ ಗೋಡೆ. ಅಡ್ಡ ನಿಲ್ಲಿಸಿ, ನಿಮ್ಮ ಕಡೆಯ ಟೈರ್ ಎರಡನ್ನೂ ನೀವೇ ಒಡೆದು ಬಿಡಿ, ಗಾಡಿ ಕೆಳಗೆ ಕೂರುತ್ತೆ, ಅಡಿಯಿಂದ ಕಾಲಿಗೆ ಬೀಳೋ ಗುಂಡು ತಪ್ಪುತ್ತೆ. ಹೊಗೆ ಬರೋಕೆ ಶುರುವಾದ್ರೆ ಮಾತ್ರ ಅಲ್ಲಿ ನಿಲ್ಲಬಾರದು.

ನೀಲಿ ಗೋಡೆ ಬಗ್ಗೆ: ಮೊದಲೆರಡು ಸರ್ಕಲ್‌ನಲ್ಲಿ ಹೊರಗಿದ್ರೂ ಡ್ರಿಂಕ್ ಕುಡೀತಾ ಬರಬಹುದು. ಕೊನೆಯ ಸರ್ಕಲ್‌ಗಳಲ್ಲಿ ಹೆಲ್ತ್ ಇಳಿಯೋ ವೇಗ ತುಂಬ ಹೆಚ್ಚು. ಆಗ ಹೊರಗೆ ಬಿದ್ದವನನ್ನ ಎತ್ತೋಕೆ ಹೋದ್ರೆ ಇಬ್ಬರೂ ಹೋಗ್ತೀರಿ.

ಮದ್ದು ಒಬ್ಬೊಬ್ಬರಿಗೆ ನಾಲ್ಕೈದು ಫಸ್ಟ್ ಏಡ್, ಐದಾರು ಡ್ರಿಂಕ್, ಎರಡು ಪೇನ್‌ಕಿಲ್ಲರ್. ಡ್ರಿಂಕ್‌ಗೆ 4 ಸೆಕೆಂಡ್, ಬೂಸ್ಟ್ (ನಿಧಾನಕ್ಕೆ ಹೆಲ್ತ್ ಏರಿಸೋ ಬಾರ್) 40. ಪೇನ್‌ಕಿಲ್ಲರ್‌ಗೆ 6 ಸೆಕೆಂಡ್, ಬೂಸ್ಟ್ 60. ಒಂದೊಂದು ತಗೊಂಡ್ರೆ ಬಾರ್ ತುಂಬಿ ಓಟವೂ ಚುರುಕಾಗುತ್ತೆ. ಹೊಡೆದಾಟಕ್ಕೆ ಹೋಗೋ ಮೊದಲು ತಗೊಳ್ಳಿ, ಏಟು ಬಿದ್ದ ಮೇಲೆ ಅಲ್ಲ.

ದರೆಪಕ್ಕದವ

ಶರಾವತಿ ಅಕ್ಕ ಹೇಳಿದ್ದೇ ಸರಿ, ಡಿಪಿ28 ಬದಲು ಎಸ್‌ಎಲ್‌ಆರ್ ಅನ್ನೋ ಮಾತನ್ನೂ ಒಪ್ದೆ. ಗೈರೋ ಪ್ರಶ್ನೆ ಉಳಿದಿತ್ತು.

ಗೈರೋ "ಯಾವಾಗಲೂ ಆನ್" ಇಡಿ, "ಸ್ಕೋಪ್‌ನಲ್ಲಿ ಮಾತ್ರ" ಇಟ್ರೆ ಕೈಗೆ ಎರಡು ಬೇರೆ ಬೇರೆ ಅಭ್ಯಾಸ ಆಗುತ್ತೆ. ಗರಿಷ್ಠ 400 ಇದೆ. ಶುರುವಿಗೆ ರೆಡ್ ಡಾಟ್ 300, 3ಎಕ್ಸ್ 200, 4ಎಕ್ಸ್ 170, 6ಎಕ್ಸ್ 90ರ ಸುತ್ತ ಇಟ್ಟು ಗೋಡೆ ಮೇಲೆ ಹೊಡೀರಿ. ಫೋನ್ ಎಷ್ಟು ವಾಲಿಸಿದ್ರೂ ಗುಂಡು ಮೇಲೇರ್ತಾ ಇದ್ರೆ ಹತ್ತು ಹೆಚ್ಚಿಸಿ, ಗುರಿ ಕೆಳಗೆ ಕುಸಿದು ನಡುಗ್ತಾ ಇದ್ರೆ ಹತ್ತು ಇಳಿಸಿ. ಒಂದು ಸಲಕ್ಕೆ ಒಂದೇ ಸ್ಕೋಪ್ ಮುಟ್ಟಿ. ಬೇರೆಯವರ ಸೆನ್ಸಿಟಿವಿಟಿ ಕೋಡ್ ಹಾಕ್ಕೊಂಡ್ರೆ ಆಗಲ್ಲ, ಫೋನ್ ತೂಕ, ಸೆನ್ಸರ್, ಹಿಡಿಯೋ ರೀತಿ ಎಲ್ಲ ಬೇರೆ. ಗುರಿ ತಾನಾಗೇ ಒಂದು ಕಡೆ ಜಾರ್ತಾ ಇದ್ರೆ ಫೋನನ್ನ ಸಮತಟ್ಟಾದ ಮೇಜಿನ ಮೇಲಿಟ್ಟು ಸೆಟ್ಟಿಂಗ್‌ನಲ್ಲಿ ಗೈರೋ ಕ್ಯಾಲಿಬ್ರೇಟ್ ಮಾಡಿ.

ಗ್ರಾಫಿಕ್ಸ್ ಸ್ಮೂತ್, ಫ್ರೇಮ್ ಎಕ್ಸ್‌ಟ್ರೀಮ್, ಅದು 60. ಚಾರ್ಜಿಗೆ ಹಾಕ್ಕೊಂಡು ಆಡಿದ್ರೆ ಫೋನ್ ಬಿಸಿಯಾಗಿ ಫ್ರೇಮ್ ಬಿದ್ದುಹೋಗುತ್ತೆ, ಆಗ ಅದೇ ಸೆನ್ಸಿಟಿವಿಟಿ ಬೇರೆ ಥರ ಅನ್ನಿಸುತ್ತೆ. ಮೊದಲೇ ಚಾರ್ಜ್ ಮಾಡಿ, ಕವರ್ ತೆಗೆದು ಆಡಿ. ಬೆವರು, ಮಳೆಗಾಲದ ತೇವಕ್ಕೆ ಬೆರಳು ಅಂಟೋದಾದ್ರೆ ಬೆರಳಿನ ಸ್ಲೀವ್ ಹಾಕಿ, ಟಾಲ್ಕಂ ಪೌಡರ್ ಹಚ್ಚಿದ್ರೆ ಸ್ಪೀಕರ್ ತೂತಿಗೆ ಹೋಗುತ್ತೆ.

ತೀರ್ಥಳ್ಳಿ_ತುಂಗೆ

ಸ್ಮೋಕ್ ಬಗ್ಗೆ ಒಂದೇ ಒಂದು. ಬಿದ್ದವನ ಮೇಲೇ ಹಾಕ್ತೀವಿ, ಆದ್ರೂ ಎತ್ತೋವಾಗ ಹೊಡೀತಾರೆ. ಎಲ್ಲಿ ಹಾಕ್ಬೇಕು?

ಶರಾವತಿ_ಹಿನ್ನೀರು

ಬಿದ್ದವನ ಮೇಲೆ ಹಾಕಿದ್ರೆ ಆಳು ಎಲ್ಲಿದ್ದಾನೆ ಅಂತ ನೀವೇ ತೋರಿಸಿಕೊಟ್ಟ ಹಾಗೆ. ಹೊಗೆ ಮಧ್ಯಕ್ಕೆ ಸ್ಪ್ರೇ ಮಾಡಿದ್ರೆ ಅವರಿಗೆ ಸಾಕು.

ಮೊದಲನೇದು ನಿಮ್ಮವನಿಗೂ ಎದುರಿನವರಿಗೂ ನಡುವೆ, ನಿಮ್ಮವನಿಂದ ಹತ್ತು ಮೀಟರ್ ಮುಂದೆ. ಎರಡನೇದು ಅದರ ಪಕ್ಕಕ್ಕೆ ಮೂರ್ನಾಲ್ಕು ಮೀಟರ್ ಬಿಟ್ಟು, ಎರಡೂ ಸೇರಿ ಅಡ್ಡ ಗೋಡೆ ಆಗೋ ಹಾಗೆ. ಹೊಗೆ ಪೂರ್ತಿ ಹರಡೋಕೆ ಕೆಲವು ಸೆಕೆಂಡ್ ಬೇಕು, ಎಸೆದ ಕೂಡ್ಲೇ ಓಡ್ಬೇಡಿ. ಬಿದ್ದವನೂ ಸುಮ್ನೆ ಇರದೆ ಗೋಡೆಯ ಅಂಚಿನ ಕಡೆ ತೆವಳ್ತಾ ಬರ್ಲಿ, ಮೊದಲು ಬಿದ್ದ ಜಾಗದಲ್ಲೇ ಇದ್ರೆ ಕಣ್ಣು ಮುಚ್ಚಿ ಹೊಡೆದ್ರೂ ತಾಗುತ್ತೆ. ಮೂರನೇ ಸ್ಮೋಕನ್ನ ಬೇಕಂತಲೇ 30 ಮೀಟರ್ ಪಕ್ಕದ ಖಾಲಿ ಜಾಗಕ್ಕೆ ಎಸೀರಿ, ಅವರ ಅರ್ಧ ಗುಂಡು ಅಲ್ಲಿಗೆ ಹೋಗುತ್ತೆ. ಇದಕ್ಕೆಲ್ಲ ತಲೆಗೆ ಕನಿಷ್ಠ ಮೂರು ಸ್ಮೋಕ್ ಬೇಕು, ಹಿಂದಿನ ಜೋಡಿಯಲ್ಲಿ ಒಬ್ಬನ ಹತ್ರ ಆರು. ಜಾಗ ಸಾಲಲ್ಲ ಅಂದ್ರೆ 60 ಗುಂಡು ಕೆಳಗೆ ಹಾಕಿ.